ಯಾರೋ ಇದ್ದಂತಿದ್ದ ಮನೆ

ತಂತಿಯ ಮೇಲೆ ಮಗುವಿನ ಫ್ರಾಕೊಂದು ಒಣಗುತ್ತಿತ್ತು ಎಂದು ನಾನು ಹೇಳುತ್ತೇನೆ. ಫ್ರಾಕೂ ಇಲ್ಲ, ಏನೂ ಇಲ್ಲ, ಬರೀ ಒಂದು ಸೀರೆ, ಒಂದು ಪಂಚೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಯಾರ ಕಣ್ಣು ಸರಿ ಎಂದು ತೀರ್ಮಾನಿಸುವುದಕ್ಕೆ ಈಗ ಆ ತಂತಿಯೂ ಇಲ್ಲ, ಆ ಮನೆಯೂ ಇಲ್ಲ. ನನಗೆ ಫ್ರಾಕಿನ ಬಣ್ಣ ಕೂಡ ನೆನಪಿದೆ, ಎಲೆಹಸಿರು. ಹೀಗೆ ಬಣ್ಣದ ಸಮೇತ ನೆನಪಿರುವ ಸಂಗತಿಗಳ ಮೇಲೇ ನನಗೆ ಹೆಚ್ಚು ಅನುಮಾನ.

ಆ ವರ್ಷ ನನಗೆ ಬೆಂಗಳೂರಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಪಾಠ ಹೇಳುವ ಕೆಲಸ ಸಿಕ್ಕಿತು. ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ತುಮಕೂರಿನಲ್ಲಿ ಅವಳ ಅಣ್ಣನ ಮನೆಯಲ್ಲಿ ಬಿಟ್ಟು ಬಂದೆ. ಹದಿನೈದು ದಿನದಲ್ಲಿ ಮನೆ ಮಾಡುತ್ತೇನೆ ಎಂದಿದ್ದೆ. ಗಾಂಧಿಬಜಾರಿನ ಹಿಂದೆ ಒಂದು ಮಹಡಿ ಕೋಣೆಯಲ್ಲಿ, ಇನ್ನಿಬ್ಬರು ಮೇಷ್ಟರ ಪಕ್ಕದಲ್ಲಿ ಚಾಪೆ ಹಾಸಿಕೊಂಡೆ. ಹದಿನೈದು ದಿನ ಕಳೆಯಿತು, ತಿಂಗಳುಗಳೂ ಕಳೆದವು. ಚಾಪೆ ಹರಿಯತೊಡಗಿತು.

ಶನಿವಾರ ಮಧ್ಯಾಹ್ನದ ರೈಲಿಗೆ ತುಮಕೂರಿಗೆ ಹೋಗುತ್ತಿದ್ದೆ. ಅಲ್ಲಿ ಯಾರೂ ನನ್ನನ್ನು ಕಟುವಾಗಿ ಏನೂ ಅನ್ನುತ್ತಿರಲಿಲ್ಲ. ಹೆಂಡತಿಯ ಅಣ್ಣ ಮಾತ್ರ, ಬೆಂಗಳೂರಲ್ಲಿ ಮನೆ ಕಟ್ಟೋದು ನಿಲ್ಲಿಸಿಬಿಟ್ಟಿದಾರಾ ಭಾವನೋರೆ ಎಂದು ನಗುತ್ತಾ ಕೇಳುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ಸಲ ಊಟಕ್ಕೆ ಕೂತಿದ್ದಾಗ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ನೀರು ಕುಡೀಲಾ?" ಎಂದು ಕೇಳಿದಳು. ಅಷ್ಟು ಚಿಕ್ಕ ಮಗು ನೀರಿಗೆ ಅಪ್ಪಣೆ ಕೇಳುವುದನ್ನು ಕಲಿತಿತ್ತು. ಅದಕ್ಕೆ ಯಾರೂ ಕಲಿಸಿರಲಿಲ್ಲ. ನನ್ನ ಹೆಂಡತಿ ತಲೆ ತಗ್ಗಿಸಿಕೊಂಡು ಬಡಿಸಿದಳು. ಸ್ಟೇಷನ್ನಿಗೆ ನನ್ನನ್ನು ಕಳಿಸಲು ಬಂದಾಗ ಅವಳು ಹೇಳಿದ್ದು ಒಂದೇ ಮಾತು. "ಎರಡು ಕೋಣೆ ಬೇಡ, ಒಂದೇ ಸಾಕು. ನನ್ನದು ಅಂತ ಒಂದು ಒಲೆ ಇದ್ರೆ ಆಯ್ತು."

ಬಸವನಗುಡಿಯಲ್ಲಿ ಮನೆಗಳಿದ್ದವು. ಜಗಲಿಯ ಮೇಲೆ ಕೂರಿಸಿ ಮೊದಲು ನಾವು ಯಾವ ಜನ ಎಂದು ವಿಚಾರಿಸುತ್ತಿದ್ದರು. ಉತ್ತರ ಕೇಳಿದ ಮೇಲೆ ಆ ಮನೆಯನ್ನು ನಿನ್ನೆಯೇ ಯಾರಿಗೋ ಮಾತು ಕೊಟ್ಟಾಗಿರುತ್ತಿತ್ತು. ಜಯನಗರದಲ್ಲಿ ಅಷ್ಟು ಕೇಳುತ್ತಿರಲಿಲ್ಲ, ಆದರೆ ಹೇಳುವ ಬಾಡಿಗೆ ನನ್ನ ಸಂಬಳದ ಅರ್ಧ. ಸಂಜೆ ಪಾಠ ಮುಗಿಸಿ, ಕೋಟು ಹಾಕಿಕೊಂಡೇ, ಕೊಡೆ ಹಿಡಿದು ಸೌತ್ ಎಂಡ್ ಸರ್ಕಲ್ಲಿನಿಂದ ಜಯನಗರದ ಒಳಕ್ಕೆ ನಡೆಯುತ್ತಿದ್ದೆ. ಅಗಲವಾದ ರಸ್ತೆಗಳು, ಎರಡು ಮನೆಗೊಂದು ಖಾಲಿ ಸೈಟು, ಸೈಟಿನಲ್ಲಿ ಮರಳಿನ ಗುಡ್ಡೆ, ಗುಡ್ಡೆಯ ಮೇಲೆ ಮೇಕೆ. ಅಷ್ಟೊಂದು ಹೊಸ ಮನೆಗಳ ನಡುವೆ ಬಾಡಿಗೆಗಿದೆ ಎಂಬ ಬೋರ್ಡು ಮಾತ್ರ ಅಪರೂಪ. ಅದು ಯಾಕೆಂದು ನಾನು ಯೋಚಿಸಲಿಲ್ಲ. ಬೂಟಿನ ಹಿಮ್ಮಡಿ ಸವೆದು ಒಂದು ಕಡೆಗೆ ವಾಲುತ್ತಿತ್ತು. ನಾನೂ ಹಾಗೇ ವಾಲಿ ನಡೆಯುತ್ತಿದ್ದೆನೋ ಏನೋ.

ಯಡಿಯೂರಿನ ಕಡೆಗೆ, ಬಡಾವಣೆ ಮುಗಿದು ರಾಗಿ ಹೊಲ ಶುರುವಾಗುವಲ್ಲಿ, ಮೂಲೆಯಲ್ಲೊಂದು ಸಣ್ಣ ಹೆಂಚಿನ ಮನೆ ಇತ್ತು. ಮೊದಲ ದಿನ ನೋಡಿದಾಗ ಬಾಗಿಲಿಗೆ ಬೀಗ, ಪಕ್ಕದಲ್ಲಿ ಬಟ್ಟೆ ಒಣಹಾಕುವ ಬರಿಯ ತಂತಿ. ಎದುರಿನ ಪೆಟ್ಟಿಗೆ ಅಂಗಡಿಯವನನ್ನು ಕೇಳಿದೆ. ಅವನು ಬೀಡಿ ಕಟ್ಟುಗಳನ್ನು ಜೋಡಿಸುತ್ತಾ, ತಲೆ ಎತ್ತದೆ, ಅದರಲ್ಲಿ ಜನ ಇದ್ದಾರೆ ಎಂದ. ನಂಬಿಕೆಯಾಗದೆ ಮರುದಿನ ಮತ್ತೆ ಹೋದೆ. ಬಾಗಿಲ ಮುಂದೆ ರಂಗೋಲಿ ಇತ್ತು. ಅದರ ಮುಂದಿನ ಸಂಜೆ ಕಿಟಕಿಯಲ್ಲಿ ದೀಪ. ಆಮೇಲೆ ತಂತಿಯ ಮೇಲೆ ಸೀರೆ, ಪಂಚೆ, ಮತ್ತು ನನ್ನ ಪ್ರಕಾರ ಆ ಫ್ರಾಕು.

ಒಂದೆರಡು ದಿನದ ಅಂತರದಲ್ಲಿ ಯಾರೋ ನನಗಿಂತ ಮೊದಲು ಬಂದು ಸೇರಿಕೊಂಡಿದ್ದಾರೆ ಎಂದುಕೊಂಡೆ. ಅಲ್ಲಿಗೆ ಬಿಡಬೇಕಿತ್ತು. ಬಿಡಲಾಗಲಿಲ್ಲ. ಬೇರೆ ಬೀದಿಗಳಲ್ಲಿ ಸುತ್ತಿ ಸೋತು, ಕೊನೆಗೆ ಆ ಮೂಲೆಗೆ ಬಂದು ರಸ್ತೆಯ ಈಚೆ ನಿಲ್ಲುತ್ತಿದ್ದೆ. ಒಳಗಿನ ಗಂಡಸಿಗೆ ಬ್ಯಾಂಕಿನಲ್ಲಿ ಕೆಲಸ ಇರಬೇಕು, ಮಗುವಿಗೆ ನನ್ನ ಮಗಳ ವಯಸ್ಸು ಎಂದೆಲ್ಲ ಲೆಕ್ಕ ಹಾಕಿದೆ. ಹೆಂಗಸು ತನ್ನ ಒಲೆಯ ಮುಂದೆ ಕೂತಿದ್ದಾಳೆ. ಕಾಣದ ಆ ಜನರ ಮೇಲೆ ನನಗೆ ಹೊಟ್ಟೆಕಿಚ್ಚು. ದೇವರು, ಜಾತಕ, ಸುದ್ದಿಪತ್ರಿಕೆ ಯಾವುದನ್ನೂ ನಂಬದ ನಾನು ಒಂದು ತಂತಿಯ ಬಟ್ಟೆಯನ್ನು ಪೂರ್ತಿ ನಂಬಿದೆ.

ಒಂದು ಭಾನುವಾರ ಹೆಂಡತಿ ಮಗಳನ್ನು ಅಣ್ಣನ ಮನೆಯಲ್ಲೇ ಬಿಟ್ಟು, ತಾನೇ ಮನೆ ಹುಡುಕುತ್ತೇನೆಂದು ನನ್ನ ಜೊತೆ ಬೆಂಗಳೂರಿಗೆ ಬಂದಳು. ಬೆಳಗಿನಿಂದ ನಡೆದೆವು. ಮಧ್ಯಾಹ್ನದ ಊಟದ ಹೊತ್ತಿಗೆ, ಕೈತಪ್ಪಿ ಹೋದದ್ದನ್ನಾದರೂ ನೋಡು ಎಂದು ಅವಳನ್ನು ಆ ಮೂಲೆಗೆ ಕರೆದುಕೊಂಡು ಹೋದೆ. ರಂಗೋಲಿ ಇತ್ತು, ಬಟ್ಟೆ ಇತ್ತು. ಹೆಂಚಿನ ಮೇಲೆ ಹೊಗೆ ಇರಲಿಲ್ಲ. ಹೊಗೆಗೂಡು ಆಗತಾನೆ ಸುಣ್ಣ ಬಳಿದಷ್ಟು ಬೆಳ್ಳಗಿತ್ತು.

ಇದನ್ನು ಮೊದಲು ಕಂಡವರು ಯಾರು ಎಂಬುದರಲ್ಲೂ ನಮಗೆ ಒಮ್ಮತವಿಲ್ಲ. ತಾನೇ ಎಂದು ಅವಳು. ನಾನು ಎಂದು ನಾನು. ಹೊಗೆಯಿಂದ ಬೆಂಕಿಯನ್ನು ಊಹಿಸುವ ಉದಾಹರಣೆಯನ್ನು ತರಗತಿಯಲ್ಲಿ ಹುಡುಗರಿಗೆ ಹೇಳಿಕೊಡುತ್ತಿದ್ದವನು ನಾನು. ಆ ಪಾಠದಲ್ಲಿ, ಹೊಗೆಯೂ ಬೆಂಕಿಯೂ ಜೊತೆಗೇ ಕಾಣುವ ಜಾಗವೆಂದು ಅಡುಗೆಮನೆಯೂ ಬರುತ್ತದೆ. ಆದ್ದರಿಂದ ನಾನೇ ಕಂಡಿರಬೇಕು ಎಂದು ವಾದಿಸಿದ್ದೇನೆ. ಹಾಗಾದರೆ ಅಷ್ಟು ಸಂಜೆ ನಿಂತು ಏನು ನೋಡಿದಿರಿ ಎಂದು ಅವಳು ಕೇಳುತ್ತಾಳೆ.

ಅಷ್ಟರಲ್ಲಿ ಅಂಗಡಿಯ ಬೆಂಚಿನಿಂದ ಒಬ್ಬ ಹಿರಿಯರು ಎದ್ದು ಬಂದರು. ತಲೆಗೆ ಟವಲು ಸುತ್ತಿದ್ದರು. ಮನೆಯ ಯಜಮಾನರು ಅವರೇ. ಆ ಬೀದಿ ಇರುವ ಜಾಗದಲ್ಲಿ ಹಿಂದೆ ಅವರ ಹೊಲ ಇತ್ತಂತೆ.

"ಏನ್ ಸ್ವಾಮಿ, ಇವತ್ತು ಮನೆಯೋರ್ನೂ ಕರ್ಕೊಂಡು ಬಂದಿದೀರಾ. ನಿಮ್ಮ ಆಫೀಸ್ನಲ್ಲಿ ಹೆಂಗಸ್ರೂ ತನಿಖೆಗೆ ಬತ್ತಾರಾ?"

ಯಾವ ಆಫೀಸು ಎಂದೆ.

"ಬಾಡ್ಗೆ ಆಫೀಸು. ಎಷ್ಟು ದಿನದಿಂದ ನೋಡ್ತಾ ಇವ್ನಿ. ಕೋಟು, ಕೊಡೆ. ನಿಂತ್ಕಂಡು ನೋಡಾದು, ಹೋಗಾದು. ಒಳಗೆ ನನ್ನ ಮಗಳು ಅಳಿಯ ಅವ್ರೆ, ಬರ್ಕೊಳ್ಳಿ."

ನನ್ನ ಹೆಂಡತಿ ಮೆಲ್ಲಗೆ ಕೇಳಿದಳು. "ಮಗಳು ಅಡುಗೆ ಮಾಡಲ್ವಾ ಯಜಮಾನ್ರೆ? ಊಟದ ಹೊತ್ತು, ಹೊಗೆ ಕಾಣ್ಲಿಲ್ಲ."

ಅವರು ತಲೆಯ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ನೀವು ಯಾರು ತಾಯಿ ಎಂದರು. ಇವರು ಕಾಲೇಜಿನಲ್ಲಿ ಮೇಷ್ಟ್ರು, ಮನೆ ಹುಡುಕುತ್ತಿದ್ದೇವೆ, ಮಗು ಇನ್ನೊಬ್ಬರ ಮನೆಯಲ್ಲಿದೆ ಎಂದು ಅವಳು ಹೇಳಿದಳು. ಯಜಮಾನರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಮುಂಚೇನೇ ಒಂದು ಮಾತು ಕೇಳ್ಬಾರ್ದಾ ಮೇಷ್ಟ್ರೆ. ಒಗೆದಿರೋ ಸೀರೇನೇ ಒಗ್ದು ಒಗ್ದು ಬಣ್ಣ ಹೋಯ್ತು ಅಂತ ನಮ್ಮೋಳು ದಿನಾ ಉಗೀತಾವ್ಳೆ."

ಆಗ ಗೊತ್ತಾಯಿತು. ಆ ಕಾಲದಲ್ಲಿ ಮನೆ ಖಾಲಿ ಇದ್ದರೆ ಮಾಲೀಕರು ಬಾಡಿಗೆ ಕಚೇರಿಗೆ ತಿಳಿಸಬೇಕಿತ್ತು. ಕಚೇರಿ ತನಗೆ ಸರಿಕಂಡವರಿಗೆ, ತಾನೇ ಗೊತ್ತುಮಾಡಿದ ಬಾಡಿಗೆಗೆ ಅದನ್ನು ಕೊಡಬಹುದಿತ್ತು. ಹಾಗೆ ಬಂದವರನ್ನು ಮತ್ತೆ ಎಬ್ಬಿಸುವುದು ಕಷ್ಟ. ಕಾನೂನು ನಿಜವಾಗಿ ಹಾಗೇ ಇತ್ತೋ ಇಲ್ಲವೋ, ನಾನು ಓದಿ ನೋಡಿದವನಲ್ಲ. ಜನರಂತೂ ಹಾಗೆ ನಂಬಿದ್ದರು. ಅದಕ್ಕೇ ಬೋರ್ಡುಗಳಿಲ್ಲ. ತಮಗೆ ಒಪ್ಪುವ ಬಾಡಿಗೆದಾರ ಸಿಗುವ ತನಕ ಖಾಲಿ ಮನೆಗೆ ದೀಪ ಹಚ್ಚುತ್ತಿದ್ದರು, ರಂಗೋಲಿ ಹಾಕುತ್ತಿದ್ದರು. ಮೊದಲ ದಿನವೇ ಅಂಗಡಿಯವನು ಯಜಮಾನರಿಗೆ ಸುದ್ದಿ ಮುಟ್ಟಿಸಿದ್ದ. ನಾನು ಹೋಗಿ ನಿಂತಷ್ಟೂ ಅವರು ತಂತಿಯ ಮೇಲೆ ಬಟ್ಟೆ ಹೆಚ್ಚಿಸಿದ್ದರು. ನಾನು ಹೊಟ್ಟೆಕಿಚ್ಚು ಪಟ್ಟ ಸಂಸಾರ ನಾನು ನೋಡಿದ್ದರಿಂದಲೇ ಹುಟ್ಟಿಕೊಂಡಿತ್ತು.

ಮನೆ ಕೊಡುತ್ತೇನೆ ಎಂದರು. ಆದರೆ ಒಂದು ಷರತ್ತು. ಕಚೇರಿಯಿಂದ ಯಾರಾದರೂ ಬಂದು ಕೇಳಿದರೆ ನನ್ನ ಹೆಂಡತಿ ತಾನು ಯಜಮಾನರ ಮಗಳು ಎನ್ನಬೇಕು. ನಿಜವಾದ ಮಗಳು ಕನಕಪುರದ ಹತ್ತಿರ ಗಂಡನ ಮನೆಯಲ್ಲಿದ್ದಳು. ಬಾಡಿಗೆ ಹೇಳಿದಾಗ ನಾನು ಕೊಡೆ ಎತ್ತಿಕೊಂಡೆ. ಅದು ಮತ್ತೆ ಸಂಬಳದ ಅರ್ಧದ ಹತ್ತಿರ ಬಂದಿತ್ತು. ಅದೂ ಅಲ್ಲದೆ ಇಂಥ ಸುಳ್ಳು ನನ್ನಿಂದ ಆಗದು ಎಂದೆ.

"ನೀವು ಹೇಳ್ಬೇಡಿ, ಮಗಳು ನಾನು ತಾನೆ," ಎಂದು ಹೆಂಡತಿ ನನ್ನ ಕಡೆ ತಿರುಗದೆ ಹೇಳಿದಳು. ಆಮೇಲೆ ಯಜಮಾನರಿಗೆ, "ಅಲ್ಲಪ್ಪಾ, ಮಗಳ ಹತ್ರ ಯಾರಾದ್ರೂ ಇಷ್ಟು ಬಾಡಿಗೆ ತಗೋತಾರಾ?" ಎಂದಳು.

ಅವರು ಬಾಯಿಗೆ ಟವಲು ಹಿಡಿದು ನಕ್ಕರು. ಬಹಳ ಹೊತ್ತು ನಕ್ಕರು. ಬಾಡಿಗೆ ಇಳಿಯಿತು. ಬಹಳ ಇಳಿಯಲಿಲ್ಲ, ನಾವು ಹೊರಬಹುದಾದಷ್ಟು ಇಳಿಯಿತು. ಸಂತೋಷಪಡುವುದಕ್ಕೂ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಅವಳು ಒಳಗೆ ಹೋಗಿ ಇನ್ನೂ ಬೂದಿ ಕಾಣದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ನಾನು ಮೆಟ್ಟಿಲ ಮೇಲೆ, ಯಜಮಾನರ ಪಕ್ಕದಲ್ಲಿ, ಬೂಟು ಬಿಚ್ಚಿ ಕೂತೆ.

ಮುಂದಿನ ವಾರ ಮಗಳನ್ನೂ ಎರಡು ಟ್ರಂಕುಗಳನ್ನೂ ತಂದೆವು. ಯಜಮಾನರು ಕೊಟ್ಟ ಸೌದೆ ಹಸಿಯಾಗಿತ್ತು. ಹೆಂಚಿನ ಮೇಲೆ ಹೊಗೆ ಎದ್ದು ರಾಗಿ ಹೊಲದ ಕಡೆಗೆ ಬಾಗಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಒಲೆ ಊದುತ್ತಾ ಕಣ್ಣೀರು ಸುರಿಸುತ್ತಿದ್ದವರು ನೀವು, ಹೊರಗೆ ನಿಂತು ನೋಡಿದವರು ಯಾರು ಎನ್ನುತ್ತಾಳೆ ಹೆಂಡತಿ. ಅವಳು ಹೇಳುವುದೇ ಸರಿ ಇರಬಹುದು. ಹಾಗೆಯೇ ಆ ಎಲೆಹಸಿರು ಫ್ರಾಕು, ನಾವು ಬಂದ ಮೇಲೆ ಅದೇ ತಂತಿಯ ಮೇಲೆ ಒಣಗಿದ ನನ್ನ ಮಗಳ ಫ್ರಾಕೇ ಇರಬಹುದು. ಅವಳಿಗೆ ಆ ಬಣ್ಣದ್ದೊಂದು ಇತ್ತು. ಅದನ್ನು ನಾನು ಯಾವಾಗ ಹಿಂದಕ್ಕೆ ಸರಿಸಿ ಆ ಸಂಜೆಗಳಿಗೆ ನೇತುಹಾಕಿದೆನೋ ತಿಳಿಯದು.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರ ನೆನಪೂ ಒಂದೇ. ಅನ್ನ ಬೇಯುತ್ತಿತ್ತು. ಮಗಳು ಅಡುಗೆಮನೆಯ ಬಾಗಿಲಿಗೆ ಬಂದಳು. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ಇಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ, ಇಬ್ಬರಿಗೂ ಸೇರಿಸಿ, ನೀರು ಕುಡೀಲಾ ಎಂದಳು.

"ಕೇಳ್ಬೇಡ, ಕುಡಿ," ಎಂದಳು ನನ್ನ ಹೆಂಡತಿ, ಸೌದೆಯನ್ನು ಒಳಕ್ಕೆ ನೂಕುತ್ತಾ.