ಮೇಣದಕ್ಕ ಮತ್ತು ಮೇಣ ಕಳಚಿದ ರೋಗಾಣು

ರೋಗಾಣು ಬೆಳೆಸಿದ ಕೊನೆಯ ಬಾಟಲಿಯನ್ನೂ ಮೇಣದಕ್ಕ ಉಕ್ಕಿನ ಡಬ್ಬಿಯೊಳಗೆ ನಿಲ್ಲಿಸಿ, ಮುಚ್ಚಳ ಹಾಕಿ, ಡಬ್ಬಿಯನ್ನು ಗೋಡೆಯಲ್ಲಿರುವ ಹಬೆಯಂತ್ರದ ಬಾಯಿಗೆ ತಳ್ಳುತ್ತಾರೆ. ಎರಡು ಜೊತೆ ಕೈಗವಸುಗಳೊಳಗೆ ಬೆರಳು ಬೆವೆತಿವೆ. ಗಾಜಿನ ಆಚೆ ಬದಿಯಲ್ಲಿ ಯಂತ್ರ ನೋಡಿಕೊಳ್ಳುವ ಹಂಡೆಯಣ್ಣ ಆಕಳಿಸುತ್ತ ಗುಂಡಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದಾನೆ. ಇಬ್ಬರ ನಡುವೆ ಮಾತಿಗೆ ಒಂದು ಸಣ್ಣ ಸ್ಪೀಕರ್.

“ಅಕ್ಕಾ, ಇವತ್ತು ಎಷ್ಟು ಜನಕ್ಕೆ ಅಡುಗೆ?”

“ಎಲ್ಲಾರಿಗೂ. ಒಂದೂ ಉಳಿಸಲ್ಲ.”

ದಿನವೂ ಕೇಳುವ ಪ್ರಶ್ನೆಗೆ ಎಂದೂ ಬಾರದ ಉತ್ತರ. ಅವನ ಆಕಳಿಕೆ ಅರ್ಧಕ್ಕೆ ನಿಲ್ಲುತ್ತದೆ. “ಎಲ್ಲಾನೂ? ನಿನ್ನೆವರೆಗೂ ಮಕ್ಕಳ ಹಾಗೆ ಸಾಕಿದ್ರಲ್ಲ!”

“ಹೌದಪ್ಪ, ಅದೇ ಆಗಿದ್ದು ಎಡವಟ್ಟು. ಒತ್ತು.”

ಹಬೆ ನುಗ್ಗುವ ಸದ್ದು. ಕಿಟಕಿಯಿಲ್ಲದ ಆ ಕೋಣೆಯಿಂದ ಅವರು ಹೊರಬರುವ ಹೊತ್ತಿಗೆ ಕಾರಿಡಾರಿನ ತುದಿಯಲ್ಲಿ ಬೆಳಕು ಈಗಷ್ಟೇ ಬೂದಿ ಬಣ್ಣಕ್ಕೆ ತಿರುಗುತ್ತಿದೆ.

ಮೇಣದಕ್ಕ ಎಂದು ಇವರಿಗೆ ಹೆಸರಿಟ್ಟವನು ಹಂಡೆಯಣ್ಣನೇ. ಇವರು ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಓದುವ ವಿಜ್ಞಾನಿ. ಅದರ ಮೈಮೇಲೆ ಪದರ ಪದರವಾಗಿ ಕೊಬ್ಬಿದೆ, ಎಲ್ಲಕ್ಕಿಂತ ಹೊರಗೆ ಮೇಣದಂಥದೊಂದು ಹೊದಿಕೆ. ನಮ್ಮ ಶ್ವಾಸಕೋಶದಲ್ಲಿ ಕಾವಲು ಕಾಯುವ ಜೀವಕೋಶಗಳು ಈ ಬ್ಯಾಕ್ಟೀರಿಯಾವನ್ನು ನುಂಗುತ್ತವೆ. ನುಂಗಿದ ಮೇಲೆ ಅರಗಿಸಿ ಮುಗಿಸಬೇಕು, ಕೂಗಿ ಬೇರೆ ಕೋಶಗಳನ್ನು ಕರೆಯಬೇಕು. ಹಾಗಾಗುವುದಿಲ್ಲ. ಕೊಬ್ಬು ಅವುಗಳ ಬಾಯಿ ಕಟ್ಟಿಬಿಡುತ್ತದೆ. ಕಾವಲುಗಾರನ ಹೊಟ್ಟೆಯೊಳಗೇ ಕಳ್ಳ ಹಾಸಿಗೆ ಹಾಸಿಕೊಂಡು ಮಲಗುತ್ತಾನೆ. ಯಾವ ಕೊಬ್ಬು ಬಾಯಿ ಕಟ್ಟುತ್ತದೆ ಎಂದು ಹುಡುಕುವುದರಲ್ಲೇ ಮೇಣದಕ್ಕನ ತಲೆ ನೆರೆತಿದೆ.

ಹುಡುಕಾಟ ಶುರುವಾದದ್ದು ಮನೆಯಲ್ಲಿ. ಇವರು ಶಾಲೆಯಲ್ಲಿದ್ದಾಗ, ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದ ತಾಯಿಗೆ ಕ್ಷಯ ತಗುಲಿತು. ಗುಳಿಗೆಗೆ ಬಗ್ಗಲಿಲ್ಲ. ತಿಂಗಳುಗಟ್ಟಲೆ ಚುಚ್ಚುಮದ್ದು ಕೊಟ್ಟರು. ರೋಗ ಹೋಯಿತು, ಜೊತೆಗೆ ಎರಡೂ ಕಿವಿ ಹೋದವು. ಮೊದಲು ಹೊಲಿಗೆ ಯಂತ್ರದ ಸದ್ದು, ಆಮೇಲೆ ಮಗಳ ದನಿ. ಈಗ ಆ ತಾಯಿ ಎದುರಿಗಿರುವವರ ತುಟಿ ನೋಡಿ ಮಾತು ಹಿಡಿಯುತ್ತಾರೆ, ತಮ್ಮ ದನಿ ಎಷ್ಟು ಜೋರಿದೆಯೆಂದು ತಿಳಿಯದೆ ಇಡೀ ಬೀದಿಗೆ ಕೇಳುವಂತೆ ಉತ್ತರ ಕೊಡುತ್ತಾರೆ. “ಏನೇ, ಆ ಹುಳದ ಅಂಗಿ ಬಿಚ್ಚೋದು ಇನ್ನೂ ಮುಗೀಲಿಲ್ವಾ? ನಿನ್ನ ಮದುವೆಗಿಂತ ನಿಧಾನ ಆಯ್ತಲ್ಲೇ ಇದು!” ಮೇಲಿನ ಮನೆಯವರು ನಗುವುದು ಮಗಳಿಗೆ ಮಾತ್ರ ಕೇಳಿಸುತ್ತದೆ.

ಕೆಲಸ ನಿಜಕ್ಕೂ ನಿಧಾನದ್ದೇ. ಬೇರೆ ಬ್ಯಾಕ್ಟೀರಿಯಾ ಬೆಳಗಾಗುವುದರಲ್ಲಿ ಬೆಳೆದು ನಿಲ್ಲುತ್ತವೆ. ಇದು ಕಣ್ಣಿಗೆ ಬೀಳಲು ವಾರಗಳನ್ನೇ ನುಂಗುತ್ತದೆ. ಬೆಳೆದದ್ದನ್ನು ಕೊಂದು, ಕೊಬ್ಬನ್ನು ದ್ರಾವಕದಲ್ಲಿ ಕರಗಿಸಿ ತೆಗೆದು, ಗಾಜಿನ ಹಾಳೆಯ ಬುಡದಲ್ಲಿ ಒಂದು ಹನಿ ಇಡುತ್ತಾರೆ. ಹಾಳೆಯ ಅಂಚನ್ನು ದ್ರಾವಕದಲ್ಲಿ ನಿಲ್ಲಿಸಿದರೆ, ಅದು ಮೇಲೇರುತ್ತಿದ್ದಂತೆ ಕೊಬ್ಬುಗಳೂ ಒಂದೊಂದು ಒಂದೊಂದು ಎತ್ತರಕ್ಕೆ ಹತ್ತಿ ನಿಲ್ಲುತ್ತವೆ. ಕಾಯಿಸಿದರೆ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ.

ಕೆಲವು ವರ್ಷಗಳ ಹಿಂದೆ ಮೇಣದಕ್ಕ, ಒಳಪದರದ ಒಂದು ಕೊಬ್ಬನ್ನು ತಯಾರಿಸಲಾಗದ ತಳಿಯೊಂದನ್ನು ರೂಪಿಸಿದರು. ಅದನ್ನು ನುಂಗಿದ ಕಾವಲು ಕೋಶಗಳು ಸುಮ್ಮನಿರಲಿಲ್ಲ, ಎಚ್ಚೆತ್ತು ಕೂಗಿದವು. ಬಾಯಿ ಕಟ್ಟುತ್ತಿದ್ದದ್ದು ಆ ಕೊಬ್ಬೇ ಎಂದು ಬರೆದ ಪ್ರಬಂಧ ದೊಡ್ಡ ಪತ್ರಿಕೆಯಲ್ಲಿ ಬಂತು. ಪ್ರಯೋಗಾಲಯಕ್ಕೆ ಕೋಣೆ ಸಿಕ್ಕಿತು, ಹಣ ಬಂತು. “ನನ್ನ ಮಗಳು ಆ ಹುಳದ ಗುಟ್ಟು ಹಿಡಿದಳು” ಎಂದು ತಾಯಿ ಹಾಲಿನವನಿಂದ ಹಿಡಿದು ಬಸ್ಸಿನಲ್ಲಿ ಪಕ್ಕ ಕೂತವರವರೆಗೂ ಹೇಳಿಕೊಂಡು ತಿರುಗಿದರು.

ಈ ವರ್ಷ ದೂರದ ಪ್ರಯೋಗಾಲಯವೊಂದು ಆ ತಳಿಯನ್ನು ಕೇಳಿತು. ಆ ಕೊಬ್ಬನ್ನು ತಡೆಯುವ ಔಷಧ ಮಾಡಲು ಹೊರಟಿದ್ದಾರೆ. ಕಳಿಸುವ ಮುನ್ನ ಒಂದು ಸಲ ನೋಡಿಬಿಡೋಣ ಎಂದು ಮೇಣದಕ್ಕ ಗಾಜಿನ ಹಾಳೆ ಕಾಯಿಸಿದರು. ಒಳಪದರದ ಚುಕ್ಕೆ ಇರಲಿಲ್ಲ, ಇರಲೂಬಾರದು. ಆದರೆ ಹಾಳೆಯ ಮೇಲ್ತುದಿಯಲ್ಲಿ, ಹೊರಗಿನ ಮೇಣದ ಚುಕ್ಕೆ ಇರಬೇಕಾದ ಜಾಗವೂ ಬೋಳಾಗಿತ್ತು.

“ನಾನು ಅದರ ಅಂಗೀದು ಒಂದು ಗುಂಡಿ ಕಿತ್ತಿದ್ದೆ,” ಎನ್ನುತ್ತಾರೆ ಅವರು. “ಅದು ಹೊದ್ದಿದ್ದ ಕಂಬಳೀನೇ ಎಲ್ಲೋ ಬಿಸಾಕಿತ್ತು. ಕಂಬಳಿ ಇಲ್ಲ ಅಂತ ಕೋಶಗಳು ಎದ್ದಿದ್ದು. ನಾನು ಗುಂಡಿಯಿಂದ ಅಂದ್ಕೊಂಡೆ.”

ಆದದ್ದಿಷ್ಟೇ. ಪ್ರತಿ ಪ್ರಯೋಗಕ್ಕೂ ಹೆಪ್ಪುಗಟ್ಟಿಸಿಟ್ಟ ಮೂಲ ತಳಿಯಿಂದಲೇ ಹೊಸದಾಗಿ ಬೆಳೆಸಬೇಕು. ಅದಕ್ಕೆ ಮತ್ತೆ ವಾರಗಟ್ಟಲೆ ಕಾಯಬೇಕು, ಇತ್ತ ಫ್ರೀಜರ್ ಆಗಾಗ ಕೈಕೊಡುತ್ತಿತ್ತು. ಹಾಗಾಗಿ ಬೆಳೆದು ನಿಂತದ್ದನ್ನೇ ಒಂದು ಬಾಟಲಿಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದರು. ಬಾಟಲಿಯೊಳಗೆ ಊಟ ಸಿಗುತ್ತದೆ, ಬೆಚ್ಚಗಿರುತ್ತದೆ, ಹೊಡೆಯಲು ಬರುವ ಕೋಶಗಳಿಲ್ಲ. ಮೇಣ ಹೊತ್ತು ತಿರುಗುವ ಶ್ರಮ ಯಾರಿಗೆ ಬೇಕು? ಮೇಣ ಕಳೆದುಕೊಂಡವು ಬೇಗ ಬೆಳೆದವು, ಉಳಿದವನ್ನು ಹಿಂದಿಕ್ಕಿದವು. ತಳಿ ಚೆನ್ನಾಗಿ ಬೆಳೆಯುತ್ತಿದೆಯೆಂದು ಇವರು ಖುಷಿಪಟ್ಟಿದ್ದರು.

ಮೂಲದಿಂದ ಹೊಸದಾಗಿ ತಳಿ ಮಾಡಿ ಪರೀಕ್ಷಿಸಿದರು. ಒಳಪದರದ ಕೊಬ್ಬಿಲ್ಲ, ಮೇಣವಿದೆ. ಕಾವಲು ಕೋಶಗಳು ನುಂಗಿದವು, ತೆಪ್ಪಗಾದವು. ಮತ್ತೆ ಮಾಡಿದರು. ಮತ್ತೆ ಅದೇ ಮೌನ. ಆ ಮೇಣವೂ ಇವರು ಕಂಡುಹಿಡಿದದ್ದೇನಲ್ಲ, ಅದರ ಬಗ್ಗೆ ಬೇರೆಯವರು ಎಂದೋ ಬರೆದಾಗಿದೆ. ಇವರ ಪಾಲಿಗೆ ಏನೂ ಉಳಿಯಲಿಲ್ಲ.

ತಾಯಿಗೆ ಹೇಳಿದ್ದು ಮೊನ್ನೆ. ಒಗೆದ ಬಟ್ಟೆ ಮಡಚುತ್ತಿದ್ದ ತಾಯಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ನಿಧಾನವಾಗಿ, ತುಟಿ ಬಿಡಿಸಿ ಹೇಳಿದರು.

“ಹಾಗಾದ್ರೆ ನಾನು ಎಲ್ಲಾರ ಹತ್ರ ಹೇಳ್ಕೊಂಡು ಬಂದಿದ್ದು?”

“ಸುಳ್ಳಾಯ್ತಮ್ಮ.”

ತಾಯಿ ಮಡಚಿಟ್ಟ ಸೀರೆಯನ್ನು ಬಿಡಿಸಿ ಇನ್ನೊಮ್ಮೆ ಮಡಚಿದರು.

ಪ್ರತಿ ವರ್ಷ ಲಕ್ಷಾಂತರ ಜನರನ್ನು ಈ ರೋಗ ಕೊಲ್ಲುತ್ತದೆ. ಮೇಣದಕ್ಕ ತಮ್ಮ ತಪ್ಪನ್ನು ಆ ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದನ್ನು ನಿಲ್ಲಿಸಲಾರರು. “ನನ್ನ ಮಾತು ನಂಬಿ ಎಷ್ಟು ಜನ ಖಾಲಿ ಬಾವಿಗೆ ಹಗ್ಗ ಬಿಡ್ತಾ ಕೂತಿದಾರೋ. ಅವರ ವರ್ಷಗಳನ್ನ ನಾನು ಎಲ್ಲಿಂದ ತಂದುಕೊಡ್ಲಿ?” ಹಂಡೆಯಣ್ಣ ಡಬ್ಬಿ ತಣ್ಣಗಾಗುವುದನ್ನು ಕಾಯುತ್ತಾನೆ.

ಬೆಳಕು ಪೂರ್ತಿ ಹರಿದ ಮೇಲೆ ವಿಭಾಗದ ಮುಖ್ಯಸ್ಥರು ಬರುತ್ತಾರೆ. ಕೆಟ್ಟ ಮನುಷ್ಯರಲ್ಲ. ಇವರಿಗೆ ಕೆಲಸ ಕೊಡಿಸಿದವರು, ತಾಯಿಗೆ ಶ್ರವಣಯಂತ್ರ ತರಿಸಿಕೊಟ್ಟವರು, ಅದು ಕೆಲಸಕ್ಕೆ ಬರಲಿಲ್ಲ ಅಷ್ಟೆ. ಪ್ರಬಂಧ ತಪ್ಪೆಂದು ಪತ್ರಿಕೆಗೆ ಬರೆದು ಹಿಂತೆಗೆದುಕೊಳ್ಳುತ್ತೇನೆ ಎಂದು ಮೇಣದಕ್ಕ ಅವರಿಗೆ ಆಗಲೇ ಹೇಳಿದ್ದಾರೆ. ಹಾಗೆ ಮಾಡಿದರೆ ಹಣ ನಿಲ್ಲುತ್ತದೆ, ಕೋಣೆಗೆ ಬೀಗ ಬೀಳುತ್ತದೆ. ಮತ್ತೆ ಈ ವಯಸ್ಸಿನಲ್ಲಿ ಇವರಿಗೆ ಕೋಣೆ ಕೊಡುವವರು ಯಾರೂ ಇಲ್ಲ. ಅದು ಇಬ್ಬರಿಗೂ ಗೊತ್ತು.

“ನೋಡಮ್ಮ, ಆ ತಳಿ ಹಾಳಾಗಿದೆ, ಕಳಿಸೋಕಾಗಲ್ಲ ಅಂತ ತಳಿ ಕೇಳಿದವರಿಗೆ ಬರೆದ್ರೆ ಸಾಕು. ಅದು ಸುಳ್ಳೂ ಅಲ್ವಲ್ಲ.”

“ಅವರೇ ಹೊಸದು ಮಾಡ್ಕೋತಾರೆ ಸಾರ್. ಅದೇ ಕೊಬ್ಬಿನ ಹಿಂದೆ ಬೀಳ್ತಾರೆ.”

“ಬೀಳ್ಲಿ ಬಿಡು. ಅವರಿಗೇ ಗೊತ್ತಾಗುತ್ತೆ. ನೀನ್ಯಾಕೆ ನಿನ್ನ ಕತ್ತು ನೀನೇ ಕುಯ್ಕೋತೀಯ? ನಿಜವಾದ ಕೆಲಸ ಇನ್ನು ಮೇಲೆ ಮಾಡು. ನಿವೃತ್ತಿವರೆಗೂ ಕೋಣೆ ನಿಂದೇ, ನಾನು ನೋಡ್ಕೋತೀನಿ.” ಅವರು ಜೇಬಿನಿಂದ ಕೋಣೆಯ ಕೀ ತೆಗೆದು ಮೇಜಿನ ಮೇಲೆ ಇವರತ್ತ ಸರಿಸುತ್ತಾರೆ. “ಆ ಪ್ರಬಂಧ ಅದರ ಪಾಡಿಗೆ ಇರ್ಲಿ.”

ಮೇಣದಕ್ಕ ಕೀ ನೋಡುತ್ತಾರೆ. ಕೈಗವಸು ಕಳಚಿದ ಬೆರಳುಗಳು ನೆನೆದು ಬಿಳಿಚಿವೆ. ಅವನ್ನು ಮೇಜಿನಿಂದ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

“ಬೇಡ ಸಾರ್.”