ಮಡ್ಡಿ ಟಾಯರು

ಜಮಖಂಡಿ ಭಾಗದಲ್ಲಿ ಆಗ ಮೋಟಾರು ಓಡಿಸುವವರು ಬೆರಳೆಣಿಕೆಯಷ್ಟು. ಅವರಲ್ಲಿ ಚಪ್ಪಲಿ ಬಿಟ್ಟು ಗಾಡಿ ಹತ್ತುತ್ತಿದ್ದವನು ಸಾವಳಗಿಯ ಪಾಂಡಪ್ಪ ಒಬ್ಬನೇ. ‘ಅದೇನು ಗಾಡಿಯೋ, ಗುಡಿಯೋ’ ಎಂದು ನಗುವವರು ನಗಲಿ. ಅವನು ಆ ಚಪ್ಪಲಿ ಬಿಟ್ಟ ದಿನ ನಾನು ಅಲ್ಲಿದ್ದೆ.

ಪಾಂಡಪ್ಪನ ಹಿರಿಯರೆಲ್ಲ ಕುರಿ ಕಾಯ್ದವರು, ಬೀರೇಶ್ವರನ ಒಕ್ಕಲು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ಇವನು ಹಿಂಡು ಮಾರಿ, ಮಿಲಿಟರಿಯವರು ಲಿಲಾವಿಗೆ ಹಾಕಿದ್ದ ಹಳೆಯ ಪಿಕಪ್ ಒಂದನ್ನು ತಂದ. “ಇದರ ಮೈಯಾಗ ಉಣ್ಣೆ ಬರತೈತೇನೋ?” ಎಂದು ಊರವರು ಕಿಚಾಯಿಸಿದರೆ, “ಉಣ್ಣೆ ಬರದಿದ್ರ ಹೋಗ್ಲಿ, ತೋಳ ಅಂತೂ ಒಯ್ಯಂಗಿಲ್ಲ” ಎನ್ನುತ್ತಿದ್ದ. ಸಾವಳಗಿಯಿಂದ ಜೋಳ ಒಯ್ಯುವುದು, ರಬಕವಿಯಿಂದ ಸೀರೆ ಗಂಟು ತರುವುದು ಅವನ ಕೆಲಸ. ನಾನು ರಬಕವಿಯ ಸೀರೆ ಅಂಗಡಿಯೊಂದರ ಗುಮಾಸ್ತ. ಗಂಟಿನ ಜೊತೆ ನಾನೂ ಅದರಲ್ಲೇ ತಿರುಗುತ್ತಿದ್ದೆ.

ಸಾವಳಗಿಯಿಂದ ಜಮಖಂಡಿಗೆ ಬರುವ ಹಾದಿ ಎರೆಮಣ್ಣಿನದು. ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಬೆಣ್ಣೆ. ಒಂದು ಮಳೆಗಾಲದಲ್ಲಿ ಮಗಳು ಪದ್ಮವ್ವನಿಗೆ ಚೊಚ್ಚಲ ಬೇನೆ ಬಂದಾಗ ಪಾಂಡಪ್ಪ ಅವಳನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟಿದ್ದ. ಸವೆದ ಟಾಯರು ನಡುದಾರಿಯಲ್ಲಿ ಹೂತವು. ಕೂಸು ಗಾಡಿಯಲ್ಲೇ ಹುಟ್ಟಿತು, ಅಳಲಿಲ್ಲ. ಮುಂದೆ ಮಗಳು ಮತ್ತೆ ಬಸುರಾಗಿ ತವರಿಗೆ ಬಂದಾಗ ಅವನು ಹೇಳಿದ್ದು ಒಂದೇ ಮಾತು: “ಈ ಸಲ ಗಾಲಿ ನಿಂದರಬಾರದು.”

ಹೊಸ ಟಾಯರಿಗಾಗಿ ಸಾಂಗಲಿಗೆ ಹೋದ. ಅಂಗಡಿಯ ಕೃಷ್ಣಾಜಿಪಂತರಿಗೆ ಕನ್ನಡ ಅಷ್ಟಕ್ಕಷ್ಟೆ, ಇವನಿಗೆ ಮರಾಠಿ ಸಂತೆಗೆ ಸಾಲುವಷ್ಟು. ಅಲ್ಲಿದ್ದದ್ದು ಎರಡು ಬಗೆ. ಒಂದಕ್ಕೆ ದಪ್ಪ ದಪ್ಪ ಹಲ್ಲು, ಹಲ್ಲು ಹಲ್ಲಿನ ನಡುವೆ ಬೆರಳು ತೂರುವಷ್ಟು ಸಂದು. ಇನ್ನೊಂದಕ್ಕೆ ಉದ್ದುದ್ದ ಸಣ್ಣ ಗೆರೆ. ಪಾಂಡಪ್ಪ ಹಲ್ಲಿನದರ ಮೇಲೆ ಕೈಯಾಡಿಸಿದ, ಕಣ್ಣಿಗೆ ಹಿಡಿಸಿತು. ಪಂತರು ಹುರುಪಿನಿಂದ, “ಹೇ ಘ್ಯಾ! ಮಡ್ ಟಾಯರ್! ಏಕದಮ್ ಫಸ್ಟ್ ಕ್ಲಾಸ್!” ಎಂದರು.

ನಮ್ಮ ಕಡೆ ಮಡ್ಡಿ ಎಂದರೆ ಕಲ್ಲುಗರಸಿನ ಒಣ ದಿಬ್ಬ, ಕುರಿ ಮೇಯುವ ಜಾಗ. ಹುಟ್ಟಿದಾಗಿನಿಂದ ಮಡ್ಡಿ ತಿರುಗಿದವನ ಕಿವಿಗೆ ಇನ್ನೇನು ಕೇಳೀತು?

“ನಮ್ಮ ಹಾದಿ ಮಡ್ಡಿ ಅಲ್ರೀ, ಪೂರಾ ಎರಿ” ಎಂದ ಪಾಂಡಪ್ಪ. “ಮಡ್ಡಿ ಟಾಯರ್ ತಗೊಂಡು ಏನ್ಮಾಡ್ಲಿರಿ?”

ಪಂತರಿಗೆ ಮಡ್ಡಿಯೂ ತಿಳಿಯಲಿಲ್ಲ, ಎರಿಯೂ ತಿಳಿಯಲಿಲ್ಲ. “ತುಮಚಿ ಮರ್ಜಿ” ಎಂದು ಗೆರೆಯ ಟಾಯರು ಕೊಟ್ಟು ಕಳಿಸಿದರು. ಇವನು ಅವುಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಗೆದ್ದವನ ಹಾಗೆ ಊರಿಗೆ ಬಂದ.

ಉತ್ತರಿ ಮಳೆ ಹಿಡಿದ ಒಂದು ಬೆಳಿಗ್ಗೆ ಪದ್ಮವ್ವನಿಗೆ ಬೇನೆ ಶುರುವಾಯಿತು. ವ್ಯಾಪಾರಕ್ಕೆಂದು ಸಾವಳಗಿಗೆ ಹೋಗಿದ್ದ ನಾನೂ ಅದೇ ಗಾಡಿ ಹತ್ತಿದೆ. ಹಿಂದೆ ಗೋಣಿತಟ್ಟಿನ ಕೆಳಗೆ ಪದ್ಮವ್ವ, ಅವಳ ತಲೆ ತೊಡೆಯ ಮೇಲಿಟ್ಟುಕೊಂಡ ತಾಯಿ ಯಲ್ಲಕ್ಕ. ಮಗಳ ಮೈಮೇಲೆ ಬೀರೇಶ್ವರನ ಗದ್ದಿಗೆಯಿಂದ ತಂದ ಕರಿ ಕಂಬಳಿ. ಅದಕ್ಕೆ ಕಾಲು ತಾಗಿದರೆ ಆ ಮನೆಯಲ್ಲಿ ಮಕ್ಕಳೂ ಕೆನ್ನೆ ಬಡಿದುಕೊಳ್ಳುತ್ತಿದ್ದವು.

ಹಿಂದಿನ ಸಲ ಹೂತಿದ್ದ ಜಾಗಕ್ಕೆ ಬರುವಷ್ಟರಲ್ಲೇ ಗಾಡಿ ಅಡ್ಡಡ್ಡ ಜಾರಿತು, ನಿಂತಿತು. ಹೊಸ ಟಾಯರು ಇದ್ದಲ್ಲೇ ಗಿರ್ರನೆ ತಿರುಗಿದವು. ಇಳಿದು ನೋಡಿದರೆ ಸಣ್ಣ ಗೆರೆಗಳಲ್ಲೆಲ್ಲ ಎರೆಮಣ್ಣು ಮೆತ್ತಿಕೊಂಡು ಟಾಯರು ಲಡ್ಡುವಿನಂತೆ ನುಣ್ಣಗಾಗಿದ್ದವು. ಜಾಲಿ ಟೊಂಗೆ ಕಡಿದು ಹಾಕಿದೆವು. ಗಾಲಿ ಅವನ್ನು ಹಿಂದಕ್ಕೆ ಉಗುಳಿತು.

ನನಗೆ ಸಿಟ್ಟು ನೆತ್ತಿಗೇರಿತು. “ಇಂಥ ಹಾದಿಗೆ ಇದೆಂಥ ಟಾಯರೋ? ಸಾಂಗಲ್ಯಾಗ ಮಡ್ ಟಾಯರ್ ಸಿಗಲಿಲ್ಲೇನು?”

“ಇತ್ತರಿ. ಮಡ್ಡಿದು ನನಗ್ಯಾಕ ಅಂತ ಬಿಟ್ಟು ಬಂದೆ.”

“ಮಡ್ಡಿ ಅಲ್ಲೋ ಮಾರಾಯಾ! ಮಡ್! ಇಂಗ್ಲಿಷಿನಾಗ ಮಡ್ ಅಂದ್ರ ರಾಡಿ!”

ಪಾಂಡಪ್ಪ ಗಾಲಿಗೆ ಮೆತ್ತಿದ ಮಣ್ಣು ಮುಟ್ಟಿದ. “ರಾಡಿ?” ಎಂದ. ಮತ್ತೊಮ್ಮೆ, “ರಾಡಿ?” ಎಂದ. ಆಮೇಲೆ ಆ ರಾಡಿಯಲ್ಲೇ ಕುಸಿದು ಕೂತ. “ಕೈಯಾಗ ಹಿಡದಿದ್ನಲ್ರೀ ಗೋಪಾಲರಾಯರ, ಕೈಯಾಗ ಹಿಡದು ಬಿಟ್ಟು ಬಂದ್ನಲ್ರೀ!”

ಒಳಗಿನಿಂದ ಪದ್ಮವ್ವ ಚೀರಿದಳು: “ಯಪ್ಪಾ, ಮತ್ತ ನಿಂತತೇನು?”

ಆ ‘ಮತ್ತ’ ಎಂಬ ಮಾತು ಕೇಳಿದ್ದೇ ತಡ, ಯಲ್ಲಕ್ಕ ಧಡಕ್ಕನೆ ಕೆಳಗಿಳಿದಳು. ನನ್ನ ಸೀರೆ ಗಂಟಿನ ಮೇಲೆ ಅವಳ ಕಣ್ಣು ಬಿತ್ತು. “ರೇಷ್ಮಿ, ಜಾರತೈತಿ” ಎಂದು ತಾನೇ ತಳ್ಳಿಹಾಕಿದಳು. ಮಗಳ ಮೈಮೇಲಿನ ಕಂಬಳಿ ಎಳೆದು, ಹಲ್ಲಿನಿಂದ ಕಚ್ಚಿ, ಪರ್ರನೆ ಎರಡು ಹೋಳು ಮಾಡಿ ಹಿಂದಿನ ಎರಡೂ ಗಾಲಿಗಳ ಬಾಯಿಗೆ ತುರುಕಿದಳು.

“ಏ! ದೇವರ ಕಂಬಳಿ ಅದು!” ಪಾಂಡಪ್ಪ ಒದರಿದ.

“ದೇವರದಂತನ ಹಾಕೀನಿ. ನಿನ್ನ ಗಾಲಿ ಜಾರ್ತಾವು, ಅಂವ ಜಾರಂಗಿಲ್ಲ. ಹತ್ತು ಗಾಡಿ!”

ಅವನು ಎದ್ದ. ಬಾಗಿಲ ಬಳಿ ನಿಂತು ಚಪ್ಪಲಿ ಬಿಟ್ಟ. ಬರಿಗಾಲಲ್ಲಿ ಹತ್ತಿ, ಕೆನ್ನೆ ಬಡಿದುಕೊಂಡು, “ತಪ್ಪಾತೋ ಬೀರಪ್ಪ” ಎನ್ನುತ್ತ ಪೆಡಲು ತುಳಿದ. ಗಾಲಿ ಕಂಬಳಿಯನ್ನು ಕಚ್ಚಿತು. ಗಾಡಿ ಒಮ್ಮೆ ನೆಗೆದು ಗಟ್ಟಿ ನೆಲ ಹತ್ತಿತು.

ದವಾಖಾನೆ ಮುಟ್ಟಿ ಕೊಂಚ ಹೊತ್ತಿಗೇ ಕೂಸಿನ ಅಳು ಕೇಳಿತು. ಸುದ್ದಿ ಹೇಳಲು ಹೊರಗೆ ಓಡಿದರೆ ಪಾಂಡಪ್ಪ ಹಿಂದಿನ ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಜಾಲಿ ಮುಳ್ಳೊಂದು ಹಿಡಿದು, ಟಾಯರಿನ ಗೆರೆಯೊಳಗಿಂದ ಕಂಬಳಿಯ ಎಳೆಗಳನ್ನು ಬಿಡಿಸಿ ಬಿಡಿಸಿ ತನ್ನ ರುಮಾಲಿನಲ್ಲಿ ಕೂಡಿಸುತ್ತಿದ್ದ.

“ಹೆಣ್ಣು ಕೂಸು ಪಾಂಡಪ್ಪಾ! ಅತ್ತೈತಿ, ಕೇಳಲಿಲ್ಲೇನು? ಬಾ ಒಳಗ.”

“ಕೇಳೇನ್ರಿ. ಆದ್ರ ಈ ಕಾಲಿಲೆ ಹ್ಯಾಂಗ ಬರ್ಲಿರಿ? ದೇವರ ಕಂಬಳಿ ತುಳದೇನಿ.”

ಎಷ್ಟು ಹೇಳಿದರೂ ಏಳಲಿಲ್ಲ. ಕಡೆಗೆ ಯಲ್ಲಕ್ಕನೇ ಹೊರಗೆ ಬಂದಳು. ಅವನ ತೊಡೆಯ ಮೇಲೆ ಹರವಿದ್ದ ರುಮಾಲಿನಲ್ಲಿ, ಆ ಕರಿ ಉಣ್ಣೆಯ ಮೇಲೆಯೇ, ಕೂಸನ್ನು ಮಲಗಿಸಿ ಒಳಗೆ ಹೋದಳು.