ಕಲೀಪಾ ಕಾದಿಟ್ಟ ಮುಖಗಳು

ಕಲೀಪಾ ಡಬ್ಬಿಯ ಮುಚ್ಚಳ ತೆಗೆದು ಮೊದಲು ಮೂಸುತ್ತಾರೆ. ಬಿಶ್ಕೆಕ್‌ನ ಅಂಚಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿತ್ರ ಭಂಡಾರದ ತಣ್ಣನೆಯ ಕೋಣೆಯಲ್ಲಿ ಅವರೊಬ್ಬರೇ ಇದ್ದಾರೆ. ತಲೆಗೆ ಬಿಗಿದು ಕಟ್ಟಿದ ವಸ್ತ್ರ, ಕೈಗೆ ಹತ್ತಿಯ ಕೈಗವಸು, ಮೈಮೇಲೆ ಗಂಡನ ಹಳೆಯ ಕುರಿಚರ್ಮದ ಕೋಟು. ವಿನಿಗರ್ ಚೆಲ್ಲಿದ ಹಾಗೆ ಹುಳಿ ವಾಸನೆ ಬಂದರೆ ಆ ರೀಲು ಕೆಡಲು ಶುರುವಾಗಿದೆ ಎಂದು ತಿಳಿಯಬೇಕು. ಅಂಥದ್ದನ್ನು ದೂರದ ಕಪಾಟಿಗೆ ಸರಿಸುತ್ತಾರೆ.

"ಸೀತ ಆದ ಮಗೂನ ಬೇರೆ ಮಲಗಿಸ್ತೀವಲ್ಲ, ಹಂಗೆ," ಎನ್ನುತ್ತಾರೆ. "ಪಕ್ಕದ್ದಕ್ಕೆ ಅಂಟಬಾರದು."

ಆಮೇಲೆ ಬೆಂಚಿನ ಮುಂದೆ ಕೂತು ಕೈಚಕ್ರ ತಿರುಗಿಸುತ್ತಾರೆ. ಎರಡು ಬೆರಳ ನಡುವೆ ಫಿಲ್ಮು ಮೆಲ್ಲಗೆ ಹಾಯುತ್ತದೆ. ಅಂಚಿನ ತೂತು ಹರಿದಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ, ಕತ್ತರಿಸಿ, ಅಂಟಿಸಿ, ಒಣಗುವ ತನಕ ಒಂದು ಬಟ್ಟಲು ಚಹಾ. ಒಳ್ಳೆಯ ದಿನವಾದರೆ ಎರಡು ಡಬ್ಬಿ ಮುಗಿಯುತ್ತವೆ. ಕೆಟ್ಟ ದಿನ ಒಂದೂ ಮುಗಿಯುವುದಿಲ್ಲ.

ಕಲೀಪಾ ನರಿನ್ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದವರು. ಗಂಡ ಊರೂರಿಗೆ, ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೂ, ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದ. ಅವನು ತೀರಿಹೋದ ಮೇಲೆ ಅವನಿಂದ ಕಲಿತ ಕೆಲಸ ಹಿಡಿದು ನಗರಕ್ಕೆ ಬಂದರು. ಹಳೆಯ ಒಕ್ಕೂಟ ಒಡೆದು ದೇಶ ಬದಲಾದ ಆ ಚಳಿಗಾಲಗಳಲ್ಲಿ ಭಂಡಾರವನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆ ಬಂದ್ ಆಯಿತು, ಸಂಬಳ ನಿಂತಿತು. ಜತೆಯವರು ಸಂತೆಯಲ್ಲಿ ಕಾಲುಚೀಲ ಮಾರಲು ಹೋದರು. ಡಬ್ಬಿ ಸಾಗಿಸುವ ಲಾರಿ ಓಡಿಸುತ್ತಿದ್ದ ನಾನೂ ಹೋದೆ. ಕಲೀಪಾ ಮಾತ್ರ ಉಳಿದರು. ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಕರಗಿಸುತ್ತೇನೆ, ಕೊಡಿ ಎಂದು ಒಬ್ಬ ವ್ಯಾಪಾರಿ ಬಂದಿದ್ದನಂತೆ.

"ಬೆಳ್ಳಿ ನನ್ನ ಕಿವೀಲಿದೆ, ಬೇಕಾದ್ರೆ ಬಿಚ್ಕೊಂಡ್ ಹೋಗು, ಡಬ್ಬೀಲಿರೋದು ಜನ ಅಂದೆ," ಎನ್ನುತ್ತಾರೆ ಕಲೀಪಾ. "ಓಲೆ ನೋಡ್ದ. ಹಗುರ ಇದೆ ಅಂತ ಬಿಟ್ಟು ಹೋದ."

ಆಗ ಉಳಿದವು ಈಗ ಜನರಿಗೆ ಸಿಗುತ್ತಿವೆ. ಮೊದಲು ಒಂದು ರೀಲು ನೋಡಬೇಕಾದರೆ ಕಚೇರಿಯ ಪತ್ರವೂ ಚಿತ್ರದ ನಂಬರೂ ಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಸಿನಿಮಾ ಚರಿತ್ರೆ ಕಲಿಸುವ ಐಚುರೋಕ್ ಮತ್ತು ಅವಳ ಜತೆಯವರು ಭಂಡಾರದವರೊಂದಿಗೆ ಕೂತು ಬೇರೆ ದಾರಿ ಮಾಡಿದ್ದಾರೆ. "ಕುರಿ ಕಾಯೋರಿಗೆ ನಂಬರು ಎಲ್ಲಿ ಗೊತ್ತಿರುತ್ತೆ? ಅವ್ರು ಅಪ್ಪನ್ನ ನೋಡ್ಬೇಕು ಅಂತ ಬರ್ತಾರೆ," ಎನ್ನುತ್ತಾಳೆ ಅವಳು. ಅದಕ್ಕೇ ಹಳ್ಳಿಯ ಹಿರಿಯರನ್ನು ಕರೆಸಿ ಹಳೆಯ ಮೂಕ ಸುದ್ದಿಚಿತ್ರ ತೋರಿಸುತ್ತಾರೆ. ಇವರು ಇಂಥವರು ಎಂದು ಅವರು ಗುರುತಿಸುತ್ತಾರೆ, ಹೆಸರು ಕಂಪ್ಯೂಟರಿಗೆ ಹೋಗುತ್ತದೆ. ಈಗ ಯಾರು ಬೇಕಾದರೂ ಬಂದು ಹೆಸರು ಹೇಳಿ ತಮ್ಮವರನ್ನು ನೋಡಬಹುದು. ನರಿನ್ ಕಡೆಯ ಮುಖಗಳಿಗೆ ಹೆಚ್ಚಾಗಿ ಹೆಸರು ಕೊಟ್ಟವರು ಕಲೀಪಾ.

ಈ ವಸಂತದಲ್ಲಿ ಬುರುಲ್ಚಾ ಎಂಬ ಮುದುಕಿ ತಲಾಸ್‌ನಿಂದ ಬರುತ್ತಾಳೆ. ಕಣ್ಣಿಗೆ ದಪ್ಪ ಕನ್ನಡಕ. ಅಣ್ಣ ಮಂಬೆಟ್‌ನನ್ನು ನೋಡಬೇಕು ಎನ್ನುತ್ತಾಳೆ. ಐಚುರೋಕ್ ಹುಡುಕಿದರೆ ಮಂಬೆಟ್ ಎಂಬವರು ಕೆಲವರು ಸಿಗುತ್ತಾರೆ. ಒಬ್ಬ ಟ್ರ್ಯಾಕ್ಟರಿನವನು, ಒಬ್ಬ ಮೇಷ್ಟ್ರು.

"ಇವನಲ್ಲ. ಕಿವಿ ನೋಡು, ನಮ್ಮನೆ ಕಿವೀನಾ ಇದು? ನನ್ನಣ್ಣ ಕುದುರೆ ಪಳಗಿಸ್ತಿದ್ದ."

"ಬೇರೆ ಯಾರೂ ಇಲ್ಲ ಅಪಾ. ಅವರ ಫೋಟೋ ಏನಾದ್ರೂ ಇದ್ಯಾ?" ಎನ್ನುತ್ತಾಳೆ ಐಚುರೋಕ್. ತಾಯಿ ವಯಸ್ಸಿನವರನ್ನು ನಮ್ಮಲ್ಲಿ ಅಪಾ ಎಂದೇ ಕರೆಯುವುದು.

"ಫೋಟೋ ತೆಗೆಯೋನು ಬಂದ್ರೆ ಬೆನ್ನು ತಿರುಗಿಸ್ತಿದ್ದ. ಬೆನ್ನಿಂದು ಬೇಕಾದ್ರೆ ಮೂರು ಇವೆ."

ಬುರುಲ್ಚಾಳನ್ನು ಚಿಕ್ಕ ವಯಸ್ಸಿಗೇ ತಲಾಸ್‌ಗೆ ಮದುವೆ ಮಾಡಿ ಕೊಟ್ಟಿದ್ದರು. ಅಣ್ಣ ತೀರಿದಾಗ ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತ್ತು. ಅವಳು ತಲುಪುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಒಂದು ಸಲ ಅವನು ಕುದುರೆಯ ಮೇಲಿದ್ದಾಗ, ಅವನಿಗೆ ಗೊತ್ತಿಲ್ಲದೆ ಸಿನಿಮಾದವರು ಚಿತ್ರ ತೆಗೆದಿದ್ದರು ಎಂದು ಮಾತ್ರ ಕೇಳಿದ್ದಳು. ಈಗ ಕಣ್ಣಿನ ನರ ಸೋಲುತ್ತಿದೆ, ಔಷಧವಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ.

"ನೆನಪಲ್ಲಿ ಅವನ ಟೋಪಿ ಇನ್ನೂ ಇದೆ ಮಗಳೇ," ಎನ್ನುತ್ತಾಳೆ. "ಟೋಪಿ ಕೆಳಗೆ ಮುಖ ಅಳಿಸ್ಕೊಂಡ್ ಹೋಗ್ತಿದೆ. ಇನ್ನೊಂದ್ಸಲ ಬರೋ ಹೊತ್ತಿಗೆ ನನಗೆ ಏನೂ ಕಾಣಲ್ಲ."

ಐಚುರೋಕ್ ಅವಳನ್ನು ಹೊರಗಿನ ಬೆಂಚಿನವರೆಗೆ ಕೈಹಿಡಿದು ಕರೆದುಕೊಂಡು ಹೋಗುತ್ತಾಳೆ. ಕಲೀಪಾ ಚಹಾ, ಎಣ್ಣೆಯಲ್ಲಿ ಕರಿದ ಬೋರ್ಸೋಕ್ ತಂದಿಟ್ಟು, ಬಂದವರನ್ನೆಲ್ಲ ಕೇಳುವಂತೆ ಕೇಳುತ್ತಾರೆ: "ಯಾರ ಮಗಳು ಅಪಾ ನೀವು? ತವರು ಎಲ್ಲಿ?"

ಮುದುಕಿ ತಂದೆಯ ಹೆಸರು, ಊರು, ಕುದುರೆ ಪಳಗಿಸುತ್ತಿದ್ದ ಅಣ್ಣನನ್ನು ನೋಡಲು ಬಂದದ್ದು ಹೇಳುತ್ತಾಳೆ. ಕಲೀಪಾ ತಟ್ಟನೆ ಎದ್ದು, ಕೈಕಟ್ಟಿ, ಸೊಸೆ ಬಾಗುವ ಹಾಗೆ ಬಾಗುತ್ತಾರೆ.

"ಬಾಳಿ ಬದುಕು. ಯಾರ ಮನೆ ಸೊಸೆ ನೀನು?"

"ನಿಮ್ಮನೇದೇ. ನಿಮ್ಮ ಚಿಕ್ಕಣ್ಣನ ಸೊಸೆ. ಅವರ ಮಗ ಸಿನಿಮಾ ತೋರಿಸ್ತಿದ್ರಲ್ಲ, ಅವರ ಹೆಂಡ್ತಿ."

"ಅಯ್ಯೋ, ಆ ತರಲೆ ಹುಡುಗನ್ನ ಕಟ್ಕೊಂಡೋಳಾ? ಮದುವೆಗೆ ಬರಕ್ಕಾಗ್ಲಿಲ್ಲ ನನಗೆ. ಬದುಕಿ ಉಳಿದಿದ್ದೀಯಲ್ಲ, ಗಟ್ಟಿಗಿತ್ತಿ."

ಕಲೀಪಾ ನಗುವುದಿಲ್ಲ. ನೇರ ಒಳಗೆ ಹೋಗಿ, ಹುಡುಕದೆ, ಒಂದು ಡಬ್ಬಿ ಹಿಡಿದು ಬರುತ್ತಾರೆ. ನೋಡುವ ಮೇಜಿನ ದೀಪ ಹಾಕಿ ಚಕ್ರ ತಿರುಗಿಸುತ್ತಾರೆ. ಹುಲ್ಲುಗಾವಲು, ಕುರಿ, ಬಿಳಿ ಡೇರೆ. ಒಂದು ಕಡೆಯಿಂದ ಹದಕ್ಕೆ ಬಾರದ ಕುದುರೆಯ ಮೇಲೆ ಒಬ್ಬ ಗಂಡಸು ಬರುತ್ತಾನೆ, ನೆಗೆದು ಇಳಿಯುತ್ತಾನೆ, ಟೋಪಿ ಹಿಂದಕ್ಕೆ ಸರಿಸುತ್ತಾನೆ. ಬುರುಲ್ಚಾಳ ಮೂಗು ಗಾಜಿಗೆ ತಾಗುವಷ್ಟು ಹತ್ತಿರ.

"ನೋಡು, ತೋಳಲ್ಲಿ ಮೂಗು ಒರೆಸ್ಕೊಳ್ತಾನೆ. ಕೊನೇವರೆಗೂ ಬಿಡಲಿಲ್ಲ ಈ ಕೊಳಕ." ನಗುತ್ತಾಳೆ. ನಗು ನಿಂತ ಮೇಲೂ ಮುಖ ಎತ್ತುವುದಿಲ್ಲ. "ಸೊಸೆ, ಇನ್ನೊಂದ್ಸಲ."

ಕಲೀಪಾ ಹಿಂದಕ್ಕೆ ತಿರುಗಿಸುತ್ತಾರೆ. ಅಣ್ಣ ಮತ್ತೆ ಕುದುರೆ ಏರುತ್ತಾನೆ, ಮತ್ತೆ ಬರುತ್ತಾನೆ. ಮುದುಕಿ ಸಾಕು ಎನ್ನುವ ತನಕ ತಿರುಗಿಸುತ್ತಲೇ ಇರುತ್ತಾರೆ.

ಆಮೇಲೆ ಐಚುರೋಕ್, ಅಕ್ಕನನ್ನು ಕರೆಯುವ ಹಾಗೆ ಕಲೀಪಾರನ್ನು ಕರೆದು, ಮೆಲ್ಲಗೆ ಕೇಳುತ್ತಾಳೆ: "ಎಜೆ, ಈ ರೀಲಿಗೆ ಹೆಸರು ಕೊಟ್ಟಿದ್ದು ನೀವೇ ಅಲ್ವಾ? ಪಕ್ಕದೋರದೆಲ್ಲ ಇದೆ. ಇವರದು ಯಾಕೆ ಖಾಲಿ ಬಿಟ್ರಿ?"

"ಅವರು ನನ್ನ ಗಂಡನ ದೊಡ್ಡಪ್ಪ. ಸೊಸೆಯಾಗಿ ಅವರ ಹೆಸರು ನಾನು ಹೆಂಗೆ ಹೇಳ್ಲಿ?"

"ಬಾಯಲ್ಲಿ ಹೇಳೋದು ಬೇಡ, ಬರೆದಿದ್ರೆ ಆಗ್ತಿತ್ತು."

"ಕೈ ಏನು ಬೇರೆ ಮನೇದಾ?" ರೀಲನ್ನು ಡಬ್ಬಿಗೆ ಇಡುತ್ತಾ ಕಲೀಪಾ ಹೇಳುತ್ತಾರೆ, "ಮುಖ ಕಾದಿಟ್ಟೆ, ಸಾಕು ಅನ್ಕೊಂಡಿದ್ದೆ. ಹೆಸರಿಲ್ದಿದ್ರೆ ಹುಡುಕ್ಕೊಂಡು ಬಂದೋರು ಹಂಗೇ ವಾಪಸ್ ಹೋಗ್ತಾರೆ ಅಂತ ಹೊಳೀಲಿಲ್ಲ. ತಪ್ಪು ನಂದೇ."

"ನಂದೂ ಹೌದು. ನಮ್ಮಜ್ಜಿನೂ ಹಂಗೇ ಇದ್ಲು. ನಾನು ಕೇಳಬೇಕಿತ್ತು."

"ಇಬ್ರೂ ತಪ್ಪು ಹಂಚ್ಕೊಳ್ತಾ ಕೂತ್ಕೋಬೇಡಿ," ಎನ್ನುತ್ತಾಳೆ ಬುರುಲ್ಚಾ. "ನಾನು ಮನೆ ಮಗಳು, ನನಗ್ಯಾರ ಭಯ? ಬರ್ಕೋ. ಮಂಬೆಟ್." ಐಚುರೋಕ್ ಬರೆದುಕೊಳ್ಳುತ್ತಾಳೆ. ಕಲೀಪಾ ಕಿಟಕಿಯ ಕಡೆ ಮುಖ ಮಾಡಿಕೊಂಡಿರುತ್ತಾರೆ.

ಅಲ್ಲಿಂದ ಮುಂದೆ ಹುಡುಕಿದರೆ ಅಂಥ ಖಾಲಿ ಜಾಗಗಳು ಒಂದೆರಡಲ್ಲ. ಗುರುತು ಹಿಡಿಯಲು ಬಂದವರಲ್ಲಿ ಹೆಚ್ಚಿನವರು ಹಳ್ಳಿಯ ಸೊಸೆಯರು. ಮನೆತನದ ದೊಡ್ಡವರು ತೆರೆಯ ಮೇಲೆ ಬಂದಾಗಲೆಲ್ಲ ಅವರು ಕಣ್ಣು ತಗ್ಗಿಸಿ, ಗೊತ್ತಿಲ್ಲ ಎಂದಿದ್ದಾರೆ. ಈಗ ಭಂಡಾರದಲ್ಲಿ ಹೊಸ ಪದ್ಧತಿ ಬಂದಿದೆ. ಪ್ರತಿ ಊರಿನ ಸೊಸೆಯ ಪಕ್ಕದಲ್ಲಿ ಆ ಊರಲ್ಲೇ ಹುಟ್ಟಿದ ಹೆಣ್ಣುಮಗಳೂ ಕೂರುತ್ತಾಳೆ. ಸೊಸೆ ಬೆರಳು ತೋರಿಸುತ್ತಾಳೆ, ಮಗಳು ಹೆಸರು ಹೇಳುತ್ತಾಳೆ. ಮಧ್ಯೆ ನಗು, ಜಗಳ, ಹಳೆಯ ದೂರು. ಒಂದೊಂದಾಗಿ ಖಾಲಿ ಜಾಗಗಳು ತುಂಬುತ್ತಿವೆ.

ನನ್ನ ತಾಯಿ ಉಣ್ಣೆ ತೊಳೆಯುವುದನ್ನು ನಾನು ಮತ್ತೆ ನೋಡಿದ್ದು ಈ ಕೋಣೆಯಲ್ಲಿ. ನನ್ನಂಥವರು ಈ ಊರಲ್ಲಿ ಬಹಳ ಜನ ಇದ್ದಾರೆ. ಕಲೀಪಾ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತೇವೆ. ಅದಕ್ಕಿಂತ ಹೆಚ್ಚು ಏನು ಮಾಡಬೇಕೋ ನಮಗೂ ಗೊತ್ತಿಲ್ಲ.

ಹೋದ ತಿಂಗಳು ಐಚುರೋಕ್‌ಳ ಜತೆಯವರು ಕಲೀಪಾ ಕೆಲಸ ಮಾಡುವುದನ್ನೂ ಚಿತ್ರ ತೆಗೆದರು. ಅದೂ ಡಬ್ಬಿ ಸೇರುತ್ತದೆ. ನಿಮಗೇನು ಆಸೆ ಎಂದು ಕೇಳಿದರೆ, ಕಲೀಪಾ ಚಕ್ರ ನಿಲ್ಲಿಸಿ ಕೈಗವಸು ಬಿಚ್ಚುತ್ತಾರೆ.

"ನನಗೆ ಹೆಣ್ಣುಮಕ್ಕಳಿಲ್ಲ, ಒಬ್ಳೇ ಸೊಸೆ. ಮುಂದೆ ಅವಳನ್ನ ಇಲ್ಲಿ ಕೂರಿಸಿ, ನನ್ನ ಮುಖ ತೋರಿಸಿ, ಇದ್ಯಾರು ಅಂತ ಕೇಳ್ತಾರೆ. ಅದಕ್ಕೇ ಮೊನ್ನೆ ಅಡುಗೆ ಮನೇಲಿ ನಿಲ್ಲಿಸ್ಕೊಂಡು, ನನ್ನ ಹೆಸರು ಹೇಳು ಅಂದೆ. ಕೆಂಪಾಗೋದ್ಲು, ತಲೆವಸ್ತ್ರದ ತುದಿ ಬಾಯಿಗಿಟ್ಕೊಂಡ್ಲು. ನಾನು ಬಿಡ್ಲಿಲ್ಲ. ಕೊನೆಗೆ ಹೇಳಿದ್ಲು, ಬಾಗಿಲ ಕಡೆ ತಿರುಗಿ, ಪಿಸುಗುಟ್ಟಿ." ಕಲೀಪಾ ಮತ್ತೆ ಕೈಗವಸು ಹಾಕಿಕೊಳ್ಳುತ್ತಾರೆ. "ಈಗ ದಿನಾ ಒಂದ್ಸಲ ಹೇಳಿಸ್ತೀನಿ. ರೂಢಿ ಆಗ್ಲಿ."